ಹಿಂದಿನ ಜೇಬು

ಒಂಬತ್ತನೇ ತಾರೀಖು, ಭಾನುವಾರ ಬೆಳಿಗ್ಗೆ
ಅಡುಗೆಮನೆಯ ಮೇಜಿನಿಂದ

ಮಗಳೇ,

ನಿನಗೆ ಬುದ್ಧಿ ಇದೆಯೇ? ನನ್ನ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ! ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಕಿ ಲಾಯಕ್ಕೆ ಓಡಿಬಂದವಳು ನಾನು. ಅವತ್ತಿನಿಂದ ಈ ಕೈ ಹಿಡಿದದ್ದು ಹಗ್ಗ, ಸಲಿಕೆ, ಬಕೆಟ್ಟು. ಪೆನ್ನನ್ನೂ ಸಲಿಕೆಯ ಹಾಗೇ ಹಿಡಿಯುತ್ತೇನೆ, ಹಾಳೆ ತೂತು ಬೀಳುತ್ತದೆ. ಈಗಾಗಲೇ ಬಿದ್ದಿದೆ, ನೋಡಿಕೋ.

ಫೋನಿನಲ್ಲೇ ಹೇಳುತ್ತೇನೆ ಅಂದರೆ, ನೀನು ಮಾತಾಡುವುದಿಲ್ಲ ಅಮ್ಮ, ಕೂಗಿ ಇಟ್ಟುಬಿಡುತ್ತೀಯ ಅಂದೆ. ಇರಬಹುದು. ಅಷ್ಟು ದೂರದಲ್ಲಿರುವವಳಿಗೆ ಕೂಗದೆ ಇನ್ನು ಹೇಗೆ ಕೇಳಿಸಬೇಕು? ಕುದುರೆಮರಿ ಚೂಟಿಯನ್ನು ಹೇಗೆ ಪಳಗಿಸಿದೆ ಅನ್ನುವುದನ್ನು ಒಂದೂ ಬಿಡದೆ ಬರೆ, ನಮ್ಮ ಸವಾರಿ ಶಾಲೆಯಲ್ಲಿ ಎಲ್ಲರೂ ಓದಿ ಅವನನ್ನು ಅದೇ ಥರ ನಡೆಸಿಕೊಳ್ಳಲಿ, ಒಬ್ಬರು ಒಂದು ಥರ ಇನ್ನೊಬ್ಬರು ಇನ್ನೊಂದು ಥರ ಮಾಡಿದರೆ ಮರಿ ಕೆಡುತ್ತದೆ ಅಂದೆ. ಈ ಮಾತು ಮಾತ್ರ ಸರಿಯಾಗಿ ಆಡಿದೆ. ನೀನು ನನ್ನ ಮಗಳು ಅನ್ನುವುದು ಆಗೊಮ್ಮೆ ಈಗೊಮ್ಮೆ ಗೊತ್ತಾಗುತ್ತದೆ.

ಆದರೆ ಒಂದು ಮಾತು. ಇದನ್ನು ಲಾಯದ ಗೋಡೆಗೆ ಅಂಟಿಸುವ ಮೊದಲು ನೀನೊಬ್ಬಳೇ ಕೂತು ಓದು. ಎಲ್ಲಿ ಕತ್ತರಿ ಹಾಕಬೇಕು ಅನ್ನುವುದು ಓದಿದ ಮೇಲೆ ನಿನಗೇ ಗೊತ್ತಾಗುತ್ತದೆ. ಕೊನೆಯ ಹಾಳೆಯನ್ನು ಮೊದಲು ತೆಗೆಯಬೇಡ. ಕಥೆಪುಸ್ತಕವನ್ನೆಲ್ಲ ಹಿಂದಿನಿಂದ ಓದುವ ಚಾಳಿ ನಿನಗೆ ಚಿಕ್ಕಂದಿನಿಂದಲೂ ಇದೆ.

ನಿನ್ನ ಷರತ್ತು ನನಗೆ ಮರೆತಿಲ್ಲ. ಮಕ್ಕಳು ಓಡಾಡುವ ಅಂಗಳಕ್ಕೆ ಕಚ್ಚುವ ಕುದುರೆ ಬರಕೂಡದು. ತಿಂಗಳ ಕೊನೆಗೆ ನಿನ್ನ ವ್ಯಾನು ಹೊರಡುವ ಹೊತ್ತಿಗೆ ಚೂಟಿಯ ಬಾಯಿ ಹದಕ್ಕೆ ಬಂದಿರದಿದ್ದರೆ ನೀನು ಬೇರೆ ಮರಿ ನೋಡಿಕೊಳ್ಳುತ್ತೀಯ, ಚೂಟಿ ದಲ್ಲಾಳಿಯ ಲಾರಿ ಹತ್ತಬೇಕು. ಇಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ, ಅದು ನಿನಗೂ ಗೊತ್ತು. ದಲ್ಲಾಳಿ ಆಗಲೇ ಎರಡು ಸಲ ಬಂದು ಬೇಲಿಯ ಮೇಲೆ ಮೊಣಕೈ ಊರಿ ನೋಡಿಕೊಂಡು ಹೋದ. ಎರಡನೇ ಸಲ ಚೂಟಿ ಅವನ ಟೋಪಿ ಕಿತ್ತುಕೊಂಡು ನೀರಿನ ತೊಟ್ಟಿಯಲ್ಲಿ ಅದ್ದಿದ. ಅದೊಂದಕ್ಕೆ ನಾನು ಬೈಯಲಿಲ್ಲ.

ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮರಿ ಅದು. ಬೇರೆಯವರ ಲಾಯದಲ್ಲಿ ಹುಟ್ಟಿದ, ತಾಯಿಗೆ ಹಾಲು ಬತ್ತಿತು, ನನ್ನ ಅಂಗಳದಲ್ಲಿ ಬಿಟ್ಟುಹೋದರು. ಮಂಡಿ ನಡುಗಿಸಿಕೊಂಡು ನಿಂತಿದ್ದ, ನನ್ನ ಹೆಬ್ಬೆರಳನ್ನೇ ಚೀಪಲು ಹಿಡಿದ. ಅಂಥವನನ್ನು ಲಾರಿ ಹತ್ತಿಸುವುದು ನನ್ನಿಂದ ಆಗುತ್ತದೆ ಅಂತ ನೀನು ಅಂದುಕೊಂಡಿದ್ದೀಯಾ? ಇರಲಿ. ಪಾಠಕ್ಕೆ ಬರುತ್ತೇನೆ.

ಮೊದಲು ಅವನ ಬಾಯಿಯ ಪ್ರತಾಪ ಕೇಳು. ನನ್ನ ಒಂದು ಸ್ವೆಟರಿಗೂ ಗುಂಡಿ ಉಳಿದಿಲ್ಲ. ಪೊರಕೆ ಬರೀ ಹಿಡಿ. ಒಣಗಲು ಹಾಕಿದ ಬೆಡ್‌ಶೀಟನ್ನು ಹಗ್ಗದಿಂದ ಎಳೆದು ಬೆನ್ನ ಮೇಲೆ ಹೊದ್ದುಕೊಂಡು ಅಂಗಳದ ತುಂಬ ಮೆರವಣಿಗೆ ಹೋದ. ಹಾಲಿನವಳ ತೋಳಿಗೆ ಬಾಯಿ ಹಾಕಿದ, ನೀಲಿಗಟ್ಟಿತು. ಅವಳು ಬೈದದ್ದನ್ನು ಇಲ್ಲಿ ಬರೆದರೆ ಹಾಳೆ ಹೊತ್ತಿಕೊಳ್ಳುತ್ತದೆ.

ಕೆಟ್ಟ ಬುದ್ಧಿ ಅಂತ ಯಾರಾದರೂ ಅಂದರೆ ನಂಬಬೇಡ. ಮರಿಗೆ ಕೈ ಇಲ್ಲ, ಬಾಯೇ ಅದರ ಕೈ. ಇದೇನು, ಅದೇನು, ಮೆತ್ತಗಿದೆಯಾ, ಗಟ್ಟಿಯಾ, ಆಟಕ್ಕೆ ಬರುತ್ತದೆಯಾ, ಎಲ್ಲವನ್ನೂ ಹಲ್ಲಿನಿಂದಲೇ ಕೇಳುತ್ತದೆ. ನೀನು ತೆವಳುತ್ತಿದ್ದಾಗ ನಿನ್ನ ಅಪ್ಪನ ಅಳತೆ ಟೇಪನ್ನು ಅರ್ಧ ನುಂಗಿದ್ದೆ. ಬೆರಳು ಹಾಕಿ ಹೊರಗೆ ಎಳೆದವಳು ನಾನು. ಎಷ್ಟು ಇಂಚು ಒಳಗೆ ಹೋಗಿತ್ತು ಅಂತ ಓದಿ ಹೇಳಿದವರು ಅವರು. ಟೈಲರಿಗೆ ಹೆಣ್ಣು ಕೊಟ್ಟರೆ ಇಷ್ಟೇ. ಆದರೆ ನಿನ್ನ ಬಾಯಲ್ಲಿ ಆಗ ಎರಡೇ ಹಲ್ಲು ಇದ್ದವು. ಇವನದು ದವಡೆ ತುಂಬ. ಇವನ ಕಣ್ಣಿಗೆ ಮಗುವಿನ ಬೆರಳಿಗೂ ಕ್ಯಾರೆಟ್ಟಿಗೂ ಏನು ವ್ಯತ್ಯಾಸ? ಅದಕ್ಕೇ ನಿನ್ನ ಷರತ್ತಿಗೆ ನಾನು ಎದುರು ಹೇಳಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮೊದಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಾಯಿ ಹಾಕಿದ ತಕ್ಷಣ ಮೂತಿಗೆ ಒಂದು ಬಿಟ್ಟೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು, ಕೈಯೂ ಅಲ್ಲೇ ಪಕ್ಕದಲ್ಲಿ. ಏನಾಯಿತು ಗೊತ್ತೇ? ಅವನು ಅದನ್ನು ಆಟ ಅಂದುಕೊಂಡ. ಲಬಕ್ಕನೆ ಚಿವುಟುವುದು, ನನ್ನ ಕೈ ಏಳುವಷ್ಟರಲ್ಲಿ ತಲೆ ಮೇಲಕ್ಕೆತ್ತುವುದು. ನಾನು ಗಾಳಿಗೆ ಹೊಡೆದುಕೊಂಡು ತಿರುಗಿ ಬೀಳುವ ಹಾಗಾಗುವುದು. ಮತ್ತೆ ಚಿವುಟುವುದು. ಅವನಿಗೆ ಅಷ್ಟು ಸಂತೋಷ ಬಾಟಲಿ ಹಾಲಿನಲ್ಲೂ ಸಿಕ್ಕಿರಲಿಲ್ಲ. ಹಾಲಿನವಳು ಬೇಲಿಯಾಚೆ ನಿಂತು, ಇನ್ನೂ ಒಂದು ಸಲ ಆಡಿ ಅಕ್ಕಾ, ಮಜಾ ಇದೆ ಅಂದಳು. ಆಮೇಲೆ ಇನ್ನೂ ಕೆಟ್ಟದ್ದಾಯಿತು. ಮುಖಕ್ಕೆ ಪಟ್ಟಿ ಹಾಕಲು ಕೈ ಎತ್ತಿದರೂ ತಲೆ ಎಳೆದುಕೊಳ್ಳಲು ಶುರುಮಾಡಿದ. ಹೊಡೆತದಿಂದ ಕಚ್ಚುವುದು ಬಿಡಲಿಲ್ಲ, ನನ್ನ ಕೈಯನ್ನು ನಂಬುವುದನ್ನು ಬಿಟ್ಟ. ಅಲ್ಲಿಗೆ ಕೈ ಕೆಳಗಿಳಿಸಿದೆ. ನಿನ್ನವರಿಗೆ ಇದನ್ನು ಜೋರಾಗಿ ಓದಿ ಹೇಳು. ಮೂತಿಗೆ ಹೊಡೆಯುವವರು ಯಾರಾದರೂ ಇದ್ದರೆ ಅವರ ಮೂತಿಯನ್ನು ನನ್ನ ಹತ್ತಿರ ಕಳಿಸು.

ದಾರಿ ತೋರಿಸಿದವಳು ದೊರೆಸಾನಿ. ನಮ್ಮ ಮುದಿ ಕುದುರೆಗೆ ಆ ಹೆಸರಿಟ್ಟವಳು ನೀನೇ, ಅವಳ ಠೀವಿ ನೋಡಿ. ಚೂಟಿಯನ್ನು ಅವಳ ಜೊತೆ ಬಿಟ್ಟೆ. ಹೋದವನೇ ಅವಳ ಬಾಲಕ್ಕೆ ಬಾಯಿ ಹಾಕಿದ. ಅವಳು ಕಚ್ಚಲೂ ಇಲ್ಲ, ಕಿರುಚಲೂ ಇಲ್ಲ. ಕಿವಿ ಹಿಂದಕ್ಕೆ ಮಡಚಿ ಅವನ ಕಡೆಗೆ ನಡೆದುಬಂದಳು, ಅಷ್ಟೇ. ಅವನು ಹುಲ್ಲು ಬಿಟ್ಟು ಹಿಂದೆ ಹಿಂದೆ ಸರಿದು ಬೇಲಿ ಮುಟ್ಟಿದ. ಅವನು ಸರಿದ ತಕ್ಷಣ ಅವಳು ಏನೂ ಆಗಿಲ್ಲ ಅನ್ನುವ ಹಾಗೆ ಹುಲ್ಲಿಗೆ ಮುಖ ಹಾಕಿದಳು. ಸ್ವಲ್ಪ ಹೊತ್ತಿಗೆ ಇವನು ಕಳ್ಳಹೆಜ್ಜೆ ಇಟ್ಟುಕೊಂಡು ಬಂದು ಪಕ್ಕದಲ್ಲೇ ಮೇಯ್ದ. ಬಾಲದ ಸುದ್ದಿಗೆ ಹೋಗಲಿಲ್ಲ.

ನಾನು ಬಕೆಟ್ಟು ಬೋರಲು ಹಾಕಿ ಕೂತು ನೋಡಿದೆ. ಅವಳು ಅವನ ಬಾಯಿಯ ತಂಟೆಗೇ ಹೋಗಲಿಲ್ಲ, ಕಾಲನ್ನು ಸರಿಸಿದಳು. ಜಾಗ ನನ್ನದು, ನೀನು ಸರಿ ಅಂದಳು. ಸರಿದ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಈ ಕೊನೆಯದೇ ನನಗೆ ಕಷ್ಟವಾದದ್ದು. ನನಗೆ ಬೆಳಿಗ್ಗೆ ಬಂದ ಸಿಟ್ಟು ಸಂಜೆಯ ಚಹಾದವರೆಗೂ ಇರುತ್ತದೆ, ನೀನು ಕಂಡವಳೇ.

ಅಲ್ಲಿಂದ ಪಾಠ ಹೀಗೆ ನಡೆಯಿತು. ಹಗ್ಗ ಹಿಡಿದು ಅಂಗಳದಲ್ಲಿ ನಡೆಸುವುದು, ನಾನು ಅವನ ಹೆಗಲ ಪಕ್ಕ. ಅವನ ಮುಖ ನನ್ನಿಂದ ಒಂದು ತೋಳಿನಷ್ಟು ಆಚೆ. ನಾನು ನಿಂತರೆ ಅವನು ನಿಲ್ಲಬೇಕು. ನಿಲ್ಲದೆ ನನ್ನ ಮೈಮೇಲೆ ಬಂದರೆ ಹಗ್ಗವನ್ನು ಎದೆಯ ಕಡೆಗೆ ಸ್ವಲ್ಪ ಒತ್ತಿ, ಹಿಂದೆ ಅನ್ನುವುದು. ಒಂದು ಕಾಲು ಹಿಂದಕ್ಕೆ ಇಟ್ಟನೋ, ಆ ಕ್ಷಣವೇ ಹಗ್ಗ ಸಡಿಲ. ಮರಿಗೆ ಬುದ್ಧಿ ಬರುವುದು ಈ ಸಡಿಲದಲ್ಲಿ. ಒತ್ತುತ್ತಲೇ ಇದ್ದರೆ ಅವನೂ ಒತ್ತುತ್ತಾನೆ, ಅವನ ಮೈತೂಕದ ಮುಂದೆ ನಾನು ಎಷ್ಟರವಳು? ಇದಾದ ಮೇಲೆ ಪಕ್ಕೆಯ ಹಿಂದೆ ಬೆರಳು ಊರಿದರೆ ಹಿಂಗಾಲು ದಾಟಿಸಿ ತಿರುಗುವುದು, ಹೆಗಲು ತಟ್ಟಿದರೆ ಮುಂಗಾಲು ಆಚೆ ಇಡುವುದು. ಬಾಯಿ ಹತ್ತಿರ ತಂದಾಗಲೆಲ್ಲ ಇದೇ ಕೆಲಸ: ಹಿಂದೆ, ಆಚೆ, ತಿರುಗು, ನಿಲ್ಲು. ಬಾಯಿ ಹಾಕಿದರೆ ಕಾಲಿಗೆ ದುಡಿಮೆ ಬೀಳುತ್ತದೆ ಅಂತ ಅವನಿಗೆ ಬೇಗ ಹೊಳೆಯಿತು. ಮಹಾ ಸೋಮಾರಿ ಅವನು, ಅದು ನಮ್ಮ ಪುಣ್ಯ. ಪಾಠ ಉದ್ದ ಬೇಡ. ಚೆನ್ನಾಗಿ ಮಾಡಿದಾಗಲೇ ನಿಲ್ಲಿಸಿ ಬಿಟ್ಟುಬಿಡು. ಬೇಸರ ಬಂದ ಮರಿ ಮತ್ತೆ ಬಾಯಿಗೇ ಹೋಗುತ್ತದೆ.

ಇನ್ನು ಮೂತಿ. ಮುಟ್ಟಲೇಬಾರದು ಅನ್ನುವವರು ಇದ್ದಾರೆ. ಹಾಗಾದರೆ ನಾಳೆ ಔಷಧಿ ಕುಡಿಸುವುದು ಹೇಗೆ, ಕಡಿವಾಣ ಹಾಕುವುದು ಹೇಗೆ? ಅವನಾಗಿ ಬಾಯಿ ತಂದರೆ ತಪ್ಪು, ನಾನಾಗಿ ಹಿಡಿದರೆ ಸುಮ್ಮನಿರಬೇಕು. ದಿನಾ ಮೂತಿ ಹಿಡಿದು ಉಜ್ಜಿದೆ, ತುಟಿ, ಗಲ್ಲ, ವಸಡು, ಒಂದೂ ಬಿಡಲಿಲ್ಲ. ಅವನು ಬಿಡು ಸಾಕು ಅಂದಮೇಲೂ ಇನ್ನೊಂದು ಸ್ವಲ್ಪ ಉಜ್ಜಿದೆ. ಹಬೆಯಾಡುವ ನೀರಿನಲ್ಲಿ ನಿನ್ನ ತಲೆ ತೊಳೆಯುವಾಗ ನೀನು ಮಾಡುತ್ತಿದ್ದ ಮುಖವನ್ನೇ ಅವನೂ ಮಾಡುತ್ತಿದ್ದ. ಆಮೇಲಾಮೇಲೆ ನನ್ನ ಕೈ ಕಂಡರೆ ಅವನೇ ಮುಖ ಆಚೆ ತಿರುಗಿಸಿಕೊಳ್ಳತೊಡಗಿದ. ಬಾಯಿ ಚಟ ಬಿಡಿಸಲು ಬಾಯಿಗೇ ಬೇಸರ ಬರಿಸಬೇಕು. ಅಗಿಯಲೇಬೇಕು ಅನ್ನಿಸಿದಾಗ ಅಗಿಯಲಿ ಅಂತ ಬೇಲಿಗೆ ದಪ್ಪ ಹಗ್ಗದ ತುಂಡೊಂದು ಕಟ್ಟಿದ್ದೇನೆ. ಅದನ್ನು ಅವನ ಜೊತೆಗೇ ಕಳಿಸುತ್ತೇನೆ, ಕಳೆಯಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು: ಕೈಯಿಂದ ತಿನ್ನಿಸಕೂಡದು. ಕ್ಯಾರೆಟ್ಟು, ಸೇಬು, ಏನೇ ಇರಲಿ, ಬಕೆಟ್ಟಿಗೆ ಹಾಕು, ಬಕೆಟ್ಟಿನಿಂದ ತಿನ್ನಲಿ. ಒಮ್ಮೆ ಕೈಯಿಂದ ತಿಂದ ಮರಿ ಸಿಕ್ಕಿದ ಕೈಯನ್ನೆಲ್ಲ ತಟ್ಟೆ ಅಂದುಕೊಳ್ಳುತ್ತದೆ, ಸಿಕ್ಕಿದ ಜೇಬನ್ನೆಲ್ಲ ಉಗ್ರಾಣ ಅಂದುಕೊಳ್ಳುತ್ತದೆ. ಅಳಿಯನಿಗೆ ಇದನ್ನು ಬಿಡಿಸಿ ಹೇಳು. ಅವನ ಜೇಬಿನಲ್ಲಿ ಸದಾ ಬಿಸ್ಕತ್ತು. ಮೊಮ್ಮಗಳು ಅಲ್ಲಿಂದಲೇ ಕಲಿತಿರುವುದು.

ಇಷ್ಟು ಮಾಡಿದ ಮೇಲೆ ಚೂಟಿ ಚಿನ್ನದಂಥವನಾದ. ಹಾಲಿನವಳು ಹೊಸ ಸ್ವೆಟರ್ ಹಾಕಿಕೊಂಡು ಬಂದು ಅವನ ಮುಂದೆ ಬೇಕೆಂದೇ ಗುಂಡಿ ತೋರಿಸಿದಳು. ಮೂಸಿ ನೋಡಿದ, ಅಷ್ಟೇ. ಛತ್ರಿ ಬಿಚ್ಚಿದೆ, ತಗಡು ಬಡಿದೆ, ಬೆಡ್‌ಶೀಟನ್ನು ಮುಖದ ಮೇಲೇ ಕೊಡವಿದೆ. ಮರದ ಕುದುರೆಯ ಹಾಗೆ ನಿಂತ.

ಗೋಡೆಗೆ ಅಂಟಿಸುವುದು ಇಲ್ಲಿಯವರೆಗೆ. ಇಲ್ಲಿಗೆ ಕತ್ತರಿ ಹಾಕು.

ಏಕೆಂದರೆ ಇಷ್ಟೆಲ್ಲ ಆದಮೇಲೂ ಅವನು ಒಬ್ಬನನ್ನು ಮಾತ್ರ ಕಚ್ಚುತ್ತಿದ್ದ. ಲಾಳದವನನ್ನು.

ಲಾಳ ಕಟ್ಟುವವನನ್ನು ನೀನು ನೋಡಿದ್ದೀಯ. ಸೇತುವೆಯಾಚೆ ಕುಲುಮೆ ಇಟ್ಟುಕೊಂಡವನು, ಬೆಳ್ಳಿ ಮೀಸೆ, ಕೆಮ್ಮಿದರೂ ಅಪ್ಪಣೆ ಕೇಳಿ ಕೆಮ್ಮುವವನು. ಹೆಂಡತಿ ಹೋಗಿ ಬಹಳ ವರ್ಷವಾಯಿತು. ಬೀದಿಯವರೆಲ್ಲ ಅವನನ್ನು ಅಣ್ಣ ಅನ್ನುತ್ತಾರೆ. ನಾನು ಏನ್ರೀ ಅನ್ನುತ್ತೇನೆ. ಮೊದಲಿನಿಂದಲೂ ಹಾಗೇ ರೂಢಿ, ಅದರಲ್ಲಿ ಏನೂ ಇಲ್ಲ.

ಚೂಟಿಗೆ ಇನ್ನೂ ಲಾಳ ಕಟ್ಟುವ ವಯಸ್ಸಾಗಿಲ್ಲ. ಬೆಳೆದ ಗೊರಸನ್ನು ಕತ್ತರಿಸಿ ಅರದಿಂದ ಉಜ್ಜಿ ಸಮ ಮಾಡಿದರೆ ಆಯಿತು. ಎರಡು ತಿಂಗಳಿಗೊಮ್ಮೆ ಬಂದುಹೋದರೆ ಸಾಕಾದ ಕೆಲಸ. ಆದರೆ ಅವನು ಬಗ್ಗಿ ಮುಂಗಾಲನ್ನು ಮಂಡಿಗಳ ನಡುವೆ ಹಿಡಿದನೋ ಇಲ್ಲವೋ, ಚೂಟಿ ಕತ್ತು ತಿರುಗಿಸಿ ಅವನ ಸೊಂಟಕ್ಕೆ ಬಾಯಿ ಹಾಕುತ್ತಿದ್ದ. ಲಾಳದವನು ಕಾಲು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿ, ಇವತ್ತು ಇವನ ಮನಸ್ಸು ಸರಿಯಿಲ್ಲ, ಒಂದು ಕಾಲಿಗೆ ಸಾಕು, ಉಳಿದದ್ದು ಮುಂದಿನ ವಾರ ಅನ್ನುತ್ತಿದ್ದ. ಮುಂದಿನ ವಾರವೂ ಅದೇ ಕಥೆ. ನಾಲ್ಕನೆಯ ಕಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ಬೆಳೆದಿರುತ್ತಿತ್ತು.

ನನಗೆ ತಲೆ ಕೆಟ್ಟುಹೋಯಿತು. ಒಬ್ಬನನ್ನು ಕಚ್ಚುವ ಕುದುರೆ ಕಚ್ಚುವ ಕುದುರೆಯೇ. ಲಾಳದವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಸಾಧು ಅಂತ ನಿನಗೆ ಬರೆಯಲು ಆಗುತ್ತದೆಯೇ? ನಿನ್ನ ವ್ಯಾನಿನ ದಿನ ಹತ್ತಿರ ಬರುತ್ತಿತ್ತು. ಹಾಲಿನವಳನ್ನು ಕರೆದು ಅವಳ ಕೈಯಲ್ಲಿ ಕಾಲು ಎತ್ತಿಸಿ ನೋಡಿದೆ. ಚೂಟಿ ಅಲುಗಲಿಲ್ಲ. ನಾನು ಎತ್ತಿದೆ, ನಿದ್ದೆ ಹೊಡೆದ. ಲಾಳದವನು ಬಂದರೆ ಸಾಕು, ಗೇಟಿನ ಸದ್ದಿಗೇ ಕಿವಿ ನಿಮಿರಿಸಿ ತುಟಿ ಚಪ್ಪರಿಸುತ್ತಿದ್ದ.

ಗೇಟಿನ ಸದ್ದು ಅಂದೆನಲ್ಲ, ಈಗ ಅದೂ ಇಲ್ಲ. ಒಂದು ವಾರ ಬಂದವನು ಗೇಟಿನ ಕೀಲು ಸರಿಮಾಡಿದ. ಇನ್ನೊಂದು ವಾರ ನನ್ನ ಕತ್ತರಿಗೆ ಸಾಣೆ ಹಿಡಿದುಕೊಟ್ಟ. ಕೆಲಸ ಅರ್ಧಕ್ಕೆ ನಿಂತದ್ದಕ್ಕೆ ನಾಚಿಕೆಯಾಗಿ ಮಾಡುತ್ತಾನೆ ಅಂದುಕೊಂಡು ಚಹಾ ಕೊಟ್ಟೆ. ಬೈಗುಳ ತಡೆದುಕೊಳ್ಳುವ ಅವನ ಶಕ್ತಿ ದೊಡ್ಡದು. ನಾನು ಮರಿಯನ್ನೂ ಬೈದು ಅವನನ್ನೂ ಬೈದು ಮುಗಿಸುವವರೆಗೆ ಲೋಟ ಹಿಡಿದು ಕೂತು, ಇನ್ನು ಸ್ವಲ್ಪ ಸಕ್ಕರೆ ಇದ್ದರೆ ಕೊಡಿ ಅನ್ನುತ್ತಿದ್ದ. ಅದೂ ಅಲ್ಲದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೊರಸು ಕತ್ತರಿಸಲು ಬರುವವನನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಒಂದು ದಿನ ತನ್ನ ಚರ್ಮದ ಏಪ್ರನ್ನು ತಂದು, ಸೊಂಟಪಟ್ಟಿಗೆ ಹಿಂದೆ ಒಂದು ಜೇಬು ಹೊಲಿದುಕೊಡಲು ಆಗುತ್ತದೆಯೇ, ಮೊಳೆ ಇಟ್ಟುಕೊಳ್ಳಲು ಪ್ಯಾಂಟಿನ ಹಿಂದಿನ ಜೇಬು ಸಾಲದು ಅಂದ. ನಿನ್ನ ಅಪ್ಪ ಹೋದ ಮೇಲೆ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ಅವತ್ತು ತೆಗೆದೆ. ಚರ್ಮ ಹೊಲಿಯುವ ದಪ್ಪ ಸೂಜಿ ಅವರ ಡಬ್ಬಿಯಲ್ಲೇ, ಅವರು ಇಟ್ಟ ಜಾಗದಲ್ಲೇ ಇತ್ತು. ಯಾರಿಗಾದರೂ ಬೇಕಾಗುತ್ತದೆ ಅಂತ ಇಟ್ಟವರ ಹಾಗೆ ಇತ್ತು. ಜೇಬು ಗಟ್ಟಿಯಾಗಿ ಬಂತು, ಎರಡು ಸಾಲು ಹೊಲಿಗೆ.

ಈಗ ನೀನು ನಗುತ್ತಿದ್ದೀಯ. ನಿನಗೆ ಹೊಳೆದಿದೆ. ಇಡೀ ಆಯಸ್ಸು ಕುದುರೆ ಕಾಲ ಕೆಳಗೆ ಕಳೆದ ನನಗೆ ಹೊಳೆಯಲಿಲ್ಲ. ಲಾಳವನ್ನೇ ಕಟ್ಟದ ಮರಿಗೆ ಮೊಳೆ ಯಾತಕ್ಕೆ?

ಮೊನ್ನೆ ಗುರುವಾರ ಮಧ್ಯಾಹ್ನ ಹೊರಬಿತ್ತು. ಅವತ್ತು ಲಾಳದವನನ್ನು ಕಾಲು ಮುಟ್ಟಲು ಬಿಟ್ಟಿರಲಿಲ್ಲ. ಚೂಟಿಗೆ ಆ ಚರ್ಮದ ವಾಸನೆ ಆಗದು, ಅದಕ್ಕೇ ಕಚ್ಚುತ್ತಾನೆ, ಮೊದಲು ಅದನ್ನು ರೂಢಿ ಮಾಡಿಸಬೇಕು ಅನ್ನುವುದು ನನ್ನ ತರ್ಕ. ಅವನು ಏಪ್ರನ್ನು ಬೇಲಿಯ ಮೇಲೆ ಹಾಕಿ ನಲ್ಲಿಯ ಹತ್ತಿರ ಇಕ್ಕಳ ತೊಳೆಯುತ್ತಿದ್ದಾಗ ನಾನೇ ಅದನ್ನು ಕಟ್ಟಿಕೊಂಡೆ. ಕಣಕಾಲಿನವರೆಗೆ ಬಂತು. ಅವನ ಹಾಗೇ ಬಗ್ಗಿ ಚೂಟಿಯ ಮುಂಗಾಲು ಎತ್ತಿ ಮಂಡಿಗಳ ನಡುವೆ ಹಿಡಿದೆ, ಕಚ್ಚಿದರೆ ಕಚ್ಚಲಿ ಅಂತ ಹಲ್ಲು ಕಚ್ಚಿ ನಿಂತೆ. ಚೂಟಿ ಕಚ್ಚಲಿಲ್ಲ. ಕತ್ತು ತಿರುಗಿಸಿ, ಪರಿಚಯದ ಅಂಗಡಿಗೆ ಬಂದ ಗಿರಾಕಿಯ ಹಾಗೆ, ಸಾವಕಾಶವಾಗಿ ನನ್ನ ಸೊಂಟದ ಜೇಬಿಗೆ ಮೂತಿ ಹಾಕಿದ. ಆಮೇಲೆ ಕಿವಿಯ ಪಕ್ಕದಲ್ಲೇ ಕಟುಂ ಕಟುಂ ಅಂತ ಸದ್ದು.

ಕಾಲು ಕೆಳಗಿಟ್ಟು ಜೇಬಿಗೆ ಕೈ ಹಾಕಿದೆ. ಒಂದೇ ಒಂದು ಮೊಳೆ ಇಲ್ಲ. ಕ್ಯಾರೆಟ್ಟು, ಸಿಪ್ಪೆ ಹೆರೆದು, ಒಂದೇ ಅಳತೆಗೆ ಹೆಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾರೆಟ್ಟು!

ನಾನು ಕೂಗಿದ ಕೂಗಿಗೆ ದೊರೆಸಾನಿ ಹುಲ್ಲು ಬಿಟ್ಟು ತಲೆ ಎತ್ತಿದಳು, ಅವಳು ಎಂದೂ ಎತ್ತಿದವಳಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಅಂದೆ. ನಾನು ಇಲ್ಲಿ ಬೆಳಿಗ್ಗೆ ಸಂಜೆ ಬೆವರು ಸುರಿಸಿ ಬಾಯಿ ಕಟ್ಟಿಸುವುದು, ಇವನು ಹಿಂದಿನಿಂದ ತಿನ್ನಿಸಿ ಬಾಯಿ ಬಿಡಿಸುವುದು. ಮರಿ ಲಾರಿ ಹತ್ತಿದರೆ ಯಾರು ಹೊಣೆ ಅಂದೆ. ಇನ್ನೂ ಏನೇನೋ ಅಂದೆ. ಅವನು ಒದ್ದೆ ಕೈ ಇಳಿಬಿಟ್ಟು ನಿಂತೇ ಇದ್ದ. 'ಕುಂಬಳಕಾಯಿ ಕಳ್ಳ' ಅನ್ನುವ ಮೊದಲೇ ಹೆಗಲು ಒರೆಸಿಕೊಂಡವನ ಮುಖ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಅವನು ಚೂಟಿಯನ್ನು ನೋಡುತ್ತಾ, ನನ್ನನ್ನು ನೋಡದೆ ಹೇಳಿದ:

"ಒಂದೇ ದಿನಕ್ಕೆ ನಾಲ್ಕೂ ಕಾಲು ಮುಗ್ಸಿಬಿಟ್ರೆ, ಆಮೇಲೆ ಎರಡು ತಿಂಗಳು ಯಾವ ನೆಪ ಹೇಳ್ಕೊಂಡು ಬರ್ಲಿ ಇವರೇ?"

ಮಗಳೇ, ಯಾರೂ ಹಗ್ಗ ಒತ್ತಲಿಲ್ಲ, ಯಾರೂ ಹಿಂದೆ ಅನ್ನಲಿಲ್ಲ, ನಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದೆ. ಚೂಟಿ ಮಾತ್ರ ಜೇಬು ಬಿಡದೆ ನನ್ನ ಜೊತೆಗೇ ಸರಿದ.

ಮರಿ ಕೆಡಿಸಿದ್ದೀರಿ, ಮೊದಲು ಅದನ್ನು ಸರಿಮಾಡಿ, ಬೇರೆ ಮಾತು ಆಮೇಲೆ ಅಂದೆ. ದನಿ ನಾನು ಅಂದುಕೊಂಡಷ್ಟು ಜೋರಾಗಿ ಬರಲಿಲ್ಲ.

ಅವತ್ತೇ ಆ ಜೇಬು ಬಿಚ್ಚಿದೆ. ಎರಡು ಸಾಲು ಹೊಲಿಗೆ ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ. ಶುಕ್ರವಾರ ಬೆಳಿಗ್ಗೆ ಲಾಳದವನ ಕೈಗೆ ಹಗ್ಗ ಕೊಟ್ಟು, ನಡಿ, ನಿಲ್ಲು, ಹಿಂದೆ, ಎಲ್ಲವನ್ನೂ ಅವನಿಂದಲೇ ಮಾಡಿಸಿದೆ. ನಿನ್ನೆ ಶನಿವಾರವೂ ಮಾಡಿಸಿದೆ. ಚೂಟಿಗೆ ಕಲಿಸುವುದು ಸುಲಭ, ಇವನಿಗೆ ಕಲಿಸುವುದು ಕಷ್ಟ. ಮರಿ ಹತ್ತಿರ ಬಂದ ತಕ್ಷಣ ಇವನ ಕೈ ತಾನಾಗಿ ಸೊಂಟದ ಹಿಂದೆ ಹೋಗುತ್ತಿತ್ತು. ಕೈ ಕೆಳಗೆ ಅಂತ ನಾನು ಗದರಿಸಬೇಕು. ಗದರಿಸಿದರೆ ಇವನಿಗೆ ನಗು. ಅಲ್ಲಿ ಚೂಟಿ ಏಪ್ರನ್ನಿನ ಸೊಂಟಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಮೂಸಿದ. ಜೇಬಿಲ್ಲ. ಇನ್ನೊಮ್ಮೆ ಮೂಸಿದ. ಹಲ್ಲು ತಾಗಿಸಲು ಹೋದಾಗ ಲಾಳದವನು, ಹಿಂದೆ ಅಂದ, ಮೆಲ್ಲಗೆ. ನಾನು ಕೂಗಿ ಹೇಳುವುದನ್ನು ಅವನು ಪಿಸುಗುಟ್ಟಿದ ಹಾಗೆ ಹೇಳಿದರೂ ಮರಿ ಕೇಳಿತು, ಏನು ಮಾಯವೋ. ಒಂದು ಹೆಜ್ಜೆ ಹಿಂದೆ ಇಟ್ಟು, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು, ಅಂಗಡಿ ಮುಚ್ಚಿದೆ ಅಂತ ತಿಳಿದುಕೊಂಡು ಕಣ್ಣು ಅರ್ಧ ಮುಚ್ಚಿದ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕೂ ಕಾಲು ಮುಗಿಯಿತು. ಒಂದೇ ಸಲಕ್ಕೆ. ಬಾಯಿ ಅಲುಗಲಿಲ್ಲ. ಆಮೇಲೆ ಹಾಲಿನವಳಿಗೆ ಆ ಏಪ್ರನ್ನು ಕಟ್ಟಿಸಿ ನೋಡಿದೆ, ಅವಳ ಮಗಳಿಗೆ ಪಕ್ಕದಲ್ಲಿ ನಿಂತು ಹೆಗಲು ಸವರಲು ಹೇಳಿದೆ, ನಾನು ಹಗ್ಗ ಹಿಡಿದಿದ್ದೆ. ಕಲ್ಲು ಅಲುಗಿದರೂ ಅವನು ಅಲುಗಲಿಲ್ಲ. ಆದ್ದರಿಂದ ಬರೆದುಕೊಡುತ್ತಿದ್ದೇನೆ: ಚೂಟಿ ಮಕ್ಕಳ ಅಂಗಳಕ್ಕೆ ತಯಾರು. ಬಂದ ದಿನ ನೀನೇ ಪರೀಕ್ಷೆ ಮಾಡು. ದಲ್ಲಾಳಿಗೆ ಬೇಲಿಯ ಹತ್ತಿರ ಬರಬೇಡ ಅಂತ ಹೇಳಿಕಳಿಸಿದ್ದೇನೆ, ಅವನ ಟೋಪಿಯ ಜೊತೆಗೆ.

ಕೆಲಸ ಮುಗಿದ ಮೇಲೆ ಲಾಳದವನು ಅರ, ಇಕ್ಕಳ ಎಲ್ಲ ಒರೆಸಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿ, ಅಂಗಳದಲ್ಲಿ ನಿಂತ. ಮುಂದಿನ ವಾರಕ್ಕೆ ಒಂದು ಕಾಲೂ ಉಳಿದಿರಲಿಲ್ಲ. ಚಹಾ ಇಟ್ಟಿದ್ದೇನೆ, ಒಳಗೆ ಬನ್ನಿ ಅಂದೆ. ಇದುವರೆಗೆ ಚಹಾ ಕೊಡುತ್ತಿದ್ದದ್ದು ಜಗಲಿಯಲ್ಲಿ. ಒಳಗೆ ಚಹಾ ಕುಡಿಯುವಾಗ ಏನು ಮಾತಾಯಿತು ಅನ್ನುವುದು ಮರಿ ಪಳಗಿಸುವ ವಿಷಯಕ್ಕೆ ಸೇರಿದ್ದಲ್ಲ. ನೀನು ಕೇಳಿದ್ದು ಮರಿಯ ವಿಷಯ, ಅದನ್ನು ಬರೆದಾಯಿತು.

ಬೆರಳು ನೋಯುತ್ತಿದೆ. ಮೊಮ್ಮಗಳಿಗೆ ಮುತ್ತು. ಅಳಿಯನ ಜೇಬು ಕೊಡವು.

ಇಂತಿ ನಿನ್ನ,
ಅಮ್ಮ

ಬರೆಯಲು ಮರೆತದ್ದು: ಮೊದಲು ಇದನ್ನೇ ಓದುತ್ತಿದ್ದರೆ, ಹಿಂದೆ. ಮೊದಲನೆಯ ಹಾಳೆಗೆ ಹೋಗು.

ಓದಿ ಬಂದೆಯಾ? ಸರಿ. ಮೇಲೆ ಅವನು ಇವನು ಅಂತ ಬರೆದಿದ್ದೇನೆ, ಇನ್ನು ಮೇಲೆ ಅವರು ಅಂತ ಓದಿಕೋ. ಅವರು ಕೇಳಿದರು, ನಾನು ಹೂಂ ಅಂದೆ. ಚಹಾ ಆರುವಷ್ಟೂ ಹೊತ್ತು ಆಗಲಿಲ್ಲ. ಬಿಚ್ಚಿದ ಜೇಬನ್ನು ಏಪ್ರನ್ನಿಗೆ ಮುಂದೆ, ಎದೆಯ ಮೇಲೆ ಹೊಲಿದುಕೊಟ್ಟಿದ್ದೇನೆ, ಕನ್ನಡಕ ಇಡಲು. ನಿನ್ನ ಅಪ್ಪನ ಮೆಷಿನ್ನು ಒಂದು ಸಲವೂ ನೂಲು ಕಡಿಯಲಿಲ್ಲ. ಅದನ್ನು ನಾನು ಗಮನಿಸಿದೆ, ನಿನಗೂ ಹೇಳಬೇಕು ಅನ್ನಿಸಿತು.

ವ್ಯಾನಿನಲ್ಲಿ ಚೂಟಿಯ ಜೊತೆ ನಾವಿಬ್ಬರೂ ಬರುತ್ತೇವೆ. ಅವನನ್ನು ಲಾಯಕ್ಕೆ ಸೇರಿಸಿ, ಮಾರನೆಯ ದಿನ ನಿಮ್ಮ ಊರಿನ ನೋಂದಣಿ ಕಚೇರಿಗೆ ಹೋಗುವುದು. ಸಾಕ್ಷಿಗೆ ನಿನ್ನ ರುಜು ಬೇಕು. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಆದರೆ ನಿನ್ನ ರುಜು ಇಲ್ಲದೆ ನಾನು ಹಾಕುವವಳಲ್ಲ, ಅದನ್ನೂ ತಿಳಿಸುತ್ತಿದ್ದೇನೆ.

ಫೋನ್ ಮಾಡಬೇಡ. ಕೂಗುವುದಕ್ಕೂ ಆಗದೆ, ಇಡುವುದಕ್ಕೂ ಆಗದೆ ನಾನು ಸುಮ್ಮನೆ ನಿಂತುಬಿಡುತ್ತೇನೆ. ಬರೆದು ಕಳಿಸು. ವ್ಯಾನು ಬರುತ್ತದೆಯೋ ಇಲ್ಲವೋ, ರುಜು ಹಾಕುತ್ತೀಯೋ ಇಲ್ಲವೋ, ಎರಡಕ್ಕೂ ಉತ್ತರ ಇಪ್ಪತ್ತನೇ ತಾರೀಖಿನೊಳಗೆ ನನ್ನ ಕೈಯಲ್ಲಿರಬೇಕು.